ಸಾವಿರ ಕೈಯ ಅವಲೋಕಿತೇಶ್ವರನಿಗೆ 42 ಕೈ ಮಾತ್ರ ಯಾಕೆ?

ಶಿಲ್ಪಾಸಕ್ತ: ಜಪಾನಿನ ಕ್ಯೋಟೋದ ಸಾಂಜೂಸಾನ್‌ಗೆನ್‌ದೋ ಮಂದಿರದಲ್ಲಿ 1001 ಮೂರ್ತಿಗಳಿವೆಯಲ್ಲ, ಎಲ್ಲವನ್ನೂ ‘ಸಾವಿರ ಕೈಯ ಕನ್ನೋನ್’ ಅಂತಲೇ ಕರೆಯುತ್ತಾರೆ (ಕನ್ನೋನ್ ಅಂದರೆ ಬೌದ್ಧರ ಕರುಣೆಯ ಬೋಧಿಸತ್ವ ಅವಲೋಕಿತೇಶ್ವರನ ಜಪಾನೀ ಹೆಸರು). ಫೋಟೋ ದೊಡ್ಡದು ಮಾಡಿ ಎಣಿಸಿದರೆ ನಲವತ್ತರ ಆಸುಪಾಸಿಗೇ ನಿಲ್ಲುತ್ತದೆ. ಉಳಿದವು ಮುರಿದುಹೋದವೇ? ಕೈಯಲ್ಲಿರುವ ವಸ್ತುಗಳಿಗೆ ಏನರ್ಥ?

ತಾಳೆಗರಿ: ಮುರಿದಿಲ್ಲ, ಲೆಕ್ಕವೇ ಹಾಗೆ. ಎದೆಯ ಮುಂದೆ ಮುಗಿದ ಎರಡು ಕೈ ಬಿಡಿ. ಮಿಕ್ಕ 40ರಲ್ಲಿ ಒಂದೊಂದೂ 25 ಲೋಕಗಳ ಜೀವಿಗಳನ್ನು ಕಾಯುತ್ತದೆ; 40×25 = 1000. ಹೊಟ್ಟೆಯ ಬಳಿ ಪಾತ್ರೆ ಹಿಡಿದ ಜೋಡಿಯೂ ಆ 40ರೊಳಗಿನದೇ. ಅದನ್ನು ಬೇರೆ ಎಣಿಸಿದವರಿಗೆ 44 ಬರುತ್ತದೆ.

ಒಂದೊಂದು ವಸ್ತುವೂ ಒಂದೊಂದು ಕೋರಿಕೆಗೆ. ವಿಲ್ಲೋ ಮರದ ಕೊಂಬೆ ರೋಗ ಕಳೆಯಲು, ಸೂರ್ಯಬಿಂಬ ಕಣ್ಣು ಕಾಣದವರಿಗೆ, ಚಂದ್ರಬಿಂಬ ಮೈಯ ತಾಪ ತಣಿಸಲು. ಬಿಲ್ಲು ಬಾಣ ಕಂಡೊಡನೆ ಯುದ್ಧ ಅಂದುಕೊಳ್ಳಬೇಡಿ. ಬಿಲ್ಲು ಪದವಿ ಬಯಸುವವರಿಗೆ. ಬಾಣ, ಒಳ್ಳೆಯ ಗೆಳೆಯರು ಬೇಗ ಸಿಗಲಿ ಅನ್ನುವವರಿಗೆ!

ಉಳಿಸುತ್ತಿಗೆ: ವಸ್ತು ನೋಡಿ ಕೈ ಗುರುತಿಸುವಾಗ ಹುಷಾರು. ಬೇರೆಯಾಗಿ ಕೆತ್ತಿ ಮುಷ್ಟಿಗೆ ಸಿಕ್ಕಿಸಿದ ವಸ್ತುಗಳು ಮೊದಲು ಕಳಚಿ ಬೀಳುತ್ತವೆ. ದುರಸ್ತಿಯಲ್ಲಿ ಒಂದರ ಜಾಗಕ್ಕೆ ಇನ್ನೊಂದು ಸೇರಿರಬಹುದು. ಬೆರಳು ಹೇಗೆ ಮಡಚಿವೆ ನೋಡಿ: ತೂತು ಬಿಟ್ಟ ಮುಷ್ಟಿಯಾದರೆ ದಂಡವಿರುವ ವಸ್ತು, ಬಿಚ್ಚಿದ ಅಂಗೈಯಾದರೆ ಬಿಂಬವೋ ಪಾತ್ರೆಯೋ.

ಇನ್ನು, ಸಾವಿರವನ್ನು ನಿಜವಾಗಿಯೇ ಮಾಡಿದ್ದೂ ಉಂಟು. ನಾರಾ ನಗರದ ತೋಶೋದಾಯ್‌ಜಿ ಮಂದಿರದ ಮೂರ್ತಿಯಲ್ಲಿ ಈಗ 953 ಕೈ ಉಳಿದಿವೆ. ಒಸಾಕಾ ಪ್ರಾಂತದ ಫುಜಿಯಿದೇರಾ ಮಂದಿರದ ಮೂರ್ತಿಯಲ್ಲಿ 1041. ಎರಡನೆಯದು 8ನೇ ಶತಮಾನದ್ದು: ಮಣ್ಣಿನ ಅಚ್ಚಿನ ಮೇಲೆ ಉರುಶಿ ಮರದ ಅಂಟಿನಲ್ಲಿ ನೆನೆಸಿದ ನಾರುಬಟ್ಟೆ ಪದರ ಪದರವಾಗಿ ಸುತ್ತಿ, ಒಣಗಿದ ಮೇಲೆ ಮಣ್ಣು ತೆಗೆದದ್ದು. ಒಳಗೆ ಟೊಳ್ಳು. ಅಷ್ಟು ಕೈಗಳ ಭಾರ ಅದು ತಡೆಯಲಾರದು. ಅದಕ್ಕೇ ಸಣ್ಣ ಕೈಗಳನ್ನು ಬೆನ್ನ ಹಿಂದೆ ನಿಲ್ಲಿಸಿದ ಎರಡು ಕಂಬಗಳಿಗೆ ಜಡಿದಿದ್ದಾರೆ. ಎದುರಿನಿಂದ ನೋಡಿದರೆ ಮೈಯಿಂದಲೇ ಹೊರಟಂತೆ ಕಾಣುತ್ತವೆ.

ಕಡಲತಡಿ: ಟಿಬೆಟ್ಟಿನ ಲೆಕ್ಕ ಬೇರೆ: 8 ಮುಖ್ಯ ಕೈ, ಹಿಂದೆ ಪ್ರಭಾವಳಿಯ ಹಾಗೆ 992, ಅಂಗೈಗೊಂದು ಕಣ್ಣು. ತಲೆ 11, ತುತ್ತತುದಿಯದು ಅಮಿತಾಭ ಬುದ್ಧನದು, ಅದರ ಕೆಳಗೆ ಉಗ್ರಮುಖ.

ನಮ್ಮ ಮಂಗಳೂರಿನ ಕದ್ರಿಯ ಕಂಚಿನ ಲೋಕೇಶ್ವರನನ್ನು ಈ ಗುಂಪಿಗೆ ಸೇರಿಸಬೇಡಿ. ಆಳುಪ ದೊರೆ ಕುಂದವರ್ಮನ 968ರ ಶಾಸನ ಪೀಠದ ಮೇಲಿದೆ, ಹೆಸರೂ ಲೋಕೇಶ್ವರನೆಂದೇ ಇದೆ (ಅವಲೋಕಿತೇಶ್ವರನ ಇನ್ನೊಂದು ಹೆಸರು). ಆದರೆ ಮುಖ ಮೂರು, ಕೈ ಆರು.