ತಾರಸಿಯಲ್ಲಿ ಮಳೆ ನೀರು ನಿಲ್ಲುತ್ತಿದೆ, ಮೇಲೆ ಮಣ್ಣು ಹಾಕಿ ತೋಟ ಮಾಡಬಹುದಾ?

ಪ್ರಶ್ನೆ:

ನಮ್ಮ ತಾರಸಿ 4 ಮೀಟರ್ ಅಗಲ, 5 ಮೀಟರ್ ಉದ್ದ. ಸ್ಲ್ಯಾಬ್ ದಪ್ಪ 125 ಮಿಮೀ ಎಂದು ಪ್ಲಾನ್‌ನಲ್ಲಿದೆ. ನಾಲ್ಕೂ ಕಡೆ ಬೀಮ್ ಇದೆ. ಮಳೆ ನಿಂತ ಮೇಲೆ ನಡುವಿನಿಂದ ಪೈಪಿರುವ ಮೂಲೆವರೆಗೆ ನೀರು ಉಳಿಯುತ್ತದೆ. ಸ್ಕೇಲ್ ಇಟ್ಟು ನೋಡಿದೆ, ಹೆಚ್ಚೆಂದರೆ 3 ಸೆಂಮೀ. ಎರಡು ದಿನವಾದರೂ ಆರುವುದಿಲ್ಲ. ಕೆಳಗಿನ ರೂಮಿನ ಸೀಲಿಂಗ್‌ನಲ್ಲಿ ತೇವದ ಕಲೆ ಬಂದಿದೆ, ಅದರ ಪಕ್ಕ ಕೂದಲೆಳೆಯಷ್ಟು ಸಣ್ಣ ಬಿರುಕು.

ಮೇಲೆ ಇನ್ನೊಂದು ಪದರ ಗಾರೆ ಹಾಕಿ ವಾಟ ಸರಿ ಮಾಡಿದರೆ ಸಾಕು ಎನ್ನುತ್ತಾರೆ ಮೇಸ್ತ್ರಿ. ಆಮೇಲೆ ಒಂದಡಿ ಮಣ್ಣು ತುಂಬಿ ತರಕಾರಿ ಬೆಳೆಯಬೇಕು ಅಂತ ಅಮ್ಮನ ಆಸೆ. 1000 ಲೀಟರ್ ಟ್ಯಾಂಕ್ ಕೂಡ ಇಡಬೇಕು. ಇಷ್ಟು ವರ್ಷ ಎಲ್ಲರೂ ಓಡಾಡಿದ ತಾರಸಿ, ಮಣ್ಣು ತಡೆಯುತ್ತದೆ ಅಲ್ವಾ? ನನಗಂತೂ ಭಯ.

ಉತ್ತರ 1:

ಮೇಡಂ, ಮಣ್ಣು ಹಾಕಬೇಡಿ. ಗಾರೆಯನ್ನೂ ಈಗಲೇ ಹಾಕಿಸಬೇಡಿ. ನಾನು ಸ್ಟ್ರಕ್ಚರಲ್ ಎಂಜಿನಿಯರ್, ಇಂಥ ತಾರಸಿಗಳನ್ನು ನೋಡುವುದೇ ನನ್ನ ಕೆಲಸ. ಲೆಕ್ಕ ನೀವೇ ನೋಡಿ.

ಜನ ಓಡಾಡುವ ತಾರಸಿಗೆ ಸಾಮಾನ್ಯವಾಗಿ ಚದರ ಮೀಟರಿಗೆ 150ರಿಂದ 200 ಕೆಜಿ ಹೊರೆ ಹಿಡಿದು ಡಿಸೈನ್ ಮಾಡುತ್ತಾರೆ. ಒದ್ದೆ ಮಣ್ಣು ಒಂದಡಿ ದಪ್ಪ ಇದ್ದರೆ ಚದರ ಮೀಟರಿಗೆ ಸುಮಾರು 550 ಕೆಜಿ. ನಿಮ್ಮ ಸ್ಲ್ಯಾಬಿನ ಸ್ವಂತ ತೂಕವೇ ಚದರ ಮೀಟರಿಗೆ 310 ಕೆಜಿ ಆಸುಪಾಸು. ಅಂದರೆ ಅದರ ಬೆನ್ನ ಮೇಲೆ ಅದಕ್ಕಿಂತ ಭಾರವಾದದ್ದನ್ನು ಹೊರಿಸಿದ ಹಾಗಾಯಿತು. ಓಡಾಡುವವರು ಕೆಳಗಿಳಿದು ಹೋಗುತ್ತಾರೆ, ಮಣ್ಣು ಹಗಲು ರಾತ್ರಿ ಅಲ್ಲೇ ಇರುತ್ತದೆ. ಇಳಿಯದ ತೂಕಕ್ಕೆ ಕಾಂಕ್ರೀಟ್ ವರ್ಷಗಟ್ಟಲೆ ನಿಧಾನವಾಗಿ ಬಾಗುತ್ತಾ ಹೋಗುತ್ತದೆ. ಮೊದಲ ದಿನ ಬಾಗಿದ್ದಕ್ಕಿಂತ ಕೊನೆಗೆ ಎರಡು ಮೂರು ಪಟ್ಟು ಆಗಬಹುದು.

ಗಾರೆಯ ಮಾತು. ಸರಾಸರಿ 5 ಸೆಂಮೀ ಹಾಕಿದರೂ ಚದರ ಮೀಟರಿಗೆ 100 ಕೆಜಿ, ನಿಮ್ಮ 20 ಚದರ ಮೀಟರಿಗೆ 2 ಟನ್. ಸ್ಲ್ಯಾಬ್ ಬಾಗಿಯೇ ನೀರು ನಿಂತಿದ್ದರೆ ಆ ಗುಂಡಿ ತುಂಬಿಸುವುದು ಅಪಾಯ. ತೂಕಕ್ಕೆ ಇನ್ನಷ್ಟು ಬಾಗುತ್ತದೆ, ಬಾಗಿದ ಕಡೆ ಮತ್ತೆ ನೀರು, ನೀರಿನದೇ ಇನ್ನಷ್ಟು ತೂಕ. ನೀರನ್ನು ಸೋರಿಕೆಯ ತೊಂದರೆ ಅಂತ ಮಾತ್ರ ನೋಡಬೇಡಿ. 10 ಸೆಂಮೀ ನೀರು ಅಂದರೆ ಚದರ ಮೀಟರಿಗೆ 100 ಕೆಜಿ.

ಫ್ಲೋರಿಡಾದ ಸರ್ಫ್‌ಸೈಡ್‌ನಲ್ಲಿ ಚಾಂಪ್ಲೇನ್ ಟವರ್ಸ್ ಸೌತ್ ಎಂಬ 12 ಮಹಡಿಯ ಕಟ್ಟಡ 2021ರ ಜೂನ್ 24ರಂದು ಕುಸಿದು 98 ಜನ ಸತ್ತರು. ಅಲ್ಲಿ ಈಜುಕೊಳದ ಸುತ್ತಲಿನ ಸ್ಲ್ಯಾಬಿಗೆ ಇಳಿಜಾರೇ ಇರಲಿಲ್ಲ, ನೀರು ಹರಿಯದೆ ನಿಲ್ಲುತ್ತದೆ, ವಾಟರ್‌ಪ್ರೂಫಿಂಗ್ ಕೆಟ್ಟಿದೆ ಎಂದು 2018ರಲ್ಲೇ ಒಬ್ಬ ಎಂಜಿನಿಯರ್ ವರದಿ ಬರೆದಿದ್ದರು. ಕುಸಿಯಲು ಬೇರೆ ಕಾರಣಗಳೂ ಇದ್ದವು, ನಿಮ್ಮ ಮನೆಗೆ ಹಾಗಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ನೀರು ನಿಲ್ಲುತ್ತಿದೆ ಎಂಬ ಮಾತನ್ನು ನಾನು ಯಾವತ್ತೂ ಹಗುರವಾಗಿ ತಗೊಳ್ಳುವುದಿಲ್ಲ.

ಈಗ ಒಂದು ಕೆಲಸ ಮಾಡಿ. ಕೆಳಗಿನ ರೂಮಿನ ಸೀಲಿಂಗಿಗೆ, 4 ಮೀಟರ್ ಅಗಲದ ಎರಡೂ ತುದಿಯಲ್ಲಿ ಸರಿಯಾಗಿ 5 ಸೆಂಮೀ ದಪ್ಪದ ಮರದ ತುಂಡು ಒತ್ತಿ ಹಿಡಿದು, ಅದರ ಕೆಳಗೆ ದಾರ ಬಿಗಿಯಾಗಿ ಎಳೆಯಿರಿ. ನಡುವೆ ದಾರಕ್ಕೂ ಸೀಲಿಂಗಿಗೂ ಎಷ್ಟು ಅಂತರ ಇದೆ ಅಳೆಯಿರಿ. 5ಕ್ಕಿಂತ ಎಷ್ಟು ಕಮ್ಮಿಯೋ ಅಷ್ಟು ಬಾಗಿದೆ. ಪ್ಲಾಸ್ಟರ್ ಏರುಪೇರಾಗಿರುತ್ತದೆ, ಅದಕ್ಕೇ ಮೂರು ಕಡೆ ಅಳೆಯಿರಿ. 4 ಮೀಟರಿಗೆ 16 ಮಿಮೀವರೆಗೆ ಸಾಮಾನ್ಯವಾಗಿ ಒಪ್ಪುತ್ತೇವೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್‌ನಿಂದ ಗೆರೆ ಹಾಕಿ ತಾರೀಕು ಬರೆಯಿರಿ. ಕಲೆಯಲ್ಲಿ ತುಕ್ಕಿನ ಬಣ್ಣ ಇದೆಯಾ, ತಟ್ಟಿದರೆ ಟೊಳ್ಳು ಸದ್ದು ಬರುತ್ತದಾ, ಅದೂ ನೋಡಿ. ತುಕ್ಕು ಹಿಡಿದ ಕಬ್ಬಿಣ ಊದಿಕೊಂಡು ಕಾಂಕ್ರೀಟನ್ನು ಹೊರಗೆ ತಳ್ಳುತ್ತದೆ.

ಉತ್ತರ 2:

ಪೈಪಿನ ಬಾಯಿ ಮೊದಲು ನೋಡಿ. ನಮ್ಮಲ್ಲಿ ಇದ್ದದ್ದು ಒಂದೇ ಪೈಪ್. ಒಂದು ರಾತ್ರಿ ಮಳೆಗೆ ಎಲೆ, ಪ್ಲಾಸ್ಟಿಕ್ ಕವರ್ ಸೇರಿ ಮುಚ್ಚಿಹೋಗಿತ್ತು. ಬೆಳಗ್ಗೆ ಬಾಗಿಲು ತೆಗೆದರೆ ಪ್ಯಾರಪೆಟ್ ಒಳಗೆ ಒಂದು ಗೇಣು ನೀರು. ಅವತ್ತೇ ಇನ್ನೊಂದು ಪೈಪ್ ಕೂರಿಸಿದೆವು. ಜೊತೆಗೆ ಪ್ಯಾರಪೆಟ್‌ನಲ್ಲಿ ನೆಲದಿಂದ 5 ಸೆಂಮೀ ಎತ್ತರಕ್ಕೆ ಎರಡು ತೂತು. ಪೈಪ್ ಕಟ್ಟಿದರೂ ನೀರು ಅಲ್ಲಿಂದ ಹೊರಗೆ ಬೀಳುತ್ತದೆ, ನಮಗೂ ಗೊತ್ತಾಗುತ್ತದೆ.

ಪ್ರಶ್ನೆ ಕೇಳಿದವರು:

ಅಳೆದೆ ಸರ್. ಮೂರು ಕಡೆಯೂ 4.1, 4.2, 4.1 ಸೆಂಮೀ ಬಂತು. ತುಕ್ಕಿನ ಬಣ್ಣ ಇಲ್ಲ, ಸದ್ದೂ ಗಟ್ಟಿಯಾಗಿದೆ. ಪೈಪಿನ ಬಾಯಿ ಮಾತ್ರ ಸುತ್ತಲಿನ ನೆಲಕ್ಕಿಂತ 2 ಸೆಂಮೀ ಮೇಲಿದೆ! ಇಷ್ಟು ವರ್ಷ ಯಾರೂ ಗಮನಿಸಿರಲಿಲ್ಲ. ಬಾಲ್ಕನಿಯಲ್ಲಾದರೂ ಕುಂಡ ಇಡಬಹುದಾ ಎಂದು ಅಮ್ಮ ಕೇಳುತ್ತಿದ್ದಾರೆ.

ಉತ್ತರ 1:

ಓದಿ ಸಮಾಧಾನ ಆಯಿತು. 9 ಮಿಮೀ ಮಿತಿಯೊಳಗೇ ಇದೆ. ಪೈಪಿನ ಬಾಯಿ ತಗ್ಗಿಸಿ, ಅದರ ಸುತ್ತ ವಾಟರ್‌ಪ್ರೂಫಿಂಗ್ ಹೊಸದಾಗಿ ಮಾಡಿಸಿ. ಒಡೆಯುವಾಗ ಮೇಲಿನ ಗಾರೆ ಮಾತ್ರ ತೆಗೆಯಲಿ, ಸ್ಲ್ಯಾಬಿನ ಕಬ್ಬಿಣ ಕಡಿಯಬಾರದು. ಆಮೇಲೂ ಎಲ್ಲಾದರೂ ನೀರು ನಿಂತರೆ ಹಳೆ ಗಾರೆ ಕಿತ್ತು ಮೀಟರಿಗೆ 1 ಸೆಂಮೀ ಇಳಿಜಾರು ಕೊಟ್ಟು ಹಾಕಿಸಿ, ಅದರ ಮೇಲೆ ಇನ್ನೊಂದು ಪದರ ಬೇಡ. ಎರಡು ಮೂರು ತಿಂಗಳಲ್ಲಿ ಬಿರುಕು ಪೆನ್ಸಿಲ್ ಗೆರೆ ದಾಟಿದರೆ ಎಂಜಿನಿಯರ್ ಒಬ್ಬರನ್ನು ಕರೆದು ತೋರಿಸಿ.

ಟ್ಯಾಂಕ್ ತುಂಬಿದರೆ 1 ಟನ್. ಸ್ಲ್ಯಾಬಿನ ನಡುವೆ ಬೇಡ. ಪಿಲ್ಲರ್ ಇರುವ ಮೂಲೆಯಲ್ಲಿ, ಬೀಮ್‌ಗಳ ಮೇಲೆ ಕೂರುವ ಸ್ಟ್ಯಾಂಡ್ ಮಾಡಿಸಿ.

ಬಾಲ್ಕನಿ ಗೋಡೆಯಿಂದ ಹೊರಗೆ ಚಾಚಿದ್ದರೆ ಅಲ್ಲಿ ಬೇಡ ಮೇಡಂ. ಅದರ ಮುಖ್ಯ ಕಬ್ಬಿಣ ಇರಬೇಕಾದ್ದು ಮೇಲ್ಭಾಗದಲ್ಲಿ. ಕಾಂಕ್ರೀಟ್ ಹಾಕುವಾಗ ಕೆಲಸದವರು ತುಳಿದು 4 ಸೆಂಮೀ ಕೆಳಗಿಳಿಸಿದ್ದರೂ 125 ಮಿಮೀ ಸ್ಲ್ಯಾಬಿನ ಶಕ್ತಿ ನೂರಕ್ಕೆ ಸುಮಾರು 40 ಭಾಗ ಹೋಯಿತು, ಹೊರಗಿನಿಂದ ಅದು ಕಾಣುವುದೇ ಇಲ್ಲ. ಕುಂಡಗಳು ತಾರಸಿಯಲ್ಲೇ ಇರಲಿ, ನಡುವೆ ಬಿಟ್ಟು ಬೀಮ್ ಇರುವ ಅಂಚಿನುದ್ದಕ್ಕೆ ಒಂದೇ ಸಾಲು. ಪೈಪಿನ ಬಾಯಿ ಇರುವ ಮೂಲೆ ಖಾಲಿ ಬಿಡಿ. ಒಂದು ಕುಂಡಕ್ಕೆ ಚೆನ್ನಾಗಿ ನೀರು ಹಾಕಿ ತೂಕ ನೋಡಿ ನನಗೆ ಬರೆಯಿರಿ, ಎಷ್ಟು ಇಡಬಹುದು ಎಂದು ಲೆಕ್ಕ ಹಾಕಿ ಹೇಳುತ್ತೇನೆ.