ಗ್ರೇ ಗಿಳಿ ಪ್ರಶ್ನೋತ್ತರ: ಮಳೆಗಾಲದ ಸಂಜೆ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಕೊಡಗಿನ ನಮ್ಮ ಗುಂಪಿನಲ್ಲಿ ಆಫ್ರಿಕನ್ ಗ್ರೇ ಗಿಳಿ ಸಾಕಿದವರು ಬಹಳ ದಿನದಿಂದ ಕೇಳುತ್ತಿದ್ದಿರಿ. ಹಕ್ಕಿಗಳನ್ನೇ ನೋಡುವ ಡಾಕ್ಟರ್ ಮೇಡಂ ಇವತ್ತು ಸಂಜೆ ಮೈಸೂರಿನಿಂದ ಉತ್ತರ ಕೊಡುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಹಕ್ಕಿಯ ವಯಸ್ಸು, ತೂಕ, ಏನು ತಿನ್ನುತ್ತದೆ, ಇಷ್ಟು ಬರೆಯಿರಿ. ಫಾರ್ವರ್ಡ್ ಹಾಕಬೇಡಿ.

ಮಡಿಕೇರಿ ಟೀಚರ್: ನಮಸ್ತೆ ಮೇಡಂ. ನಮ್ಮದಕ್ಕೆ 8 ತಿಂಗಳು. ಶಿಳ್ಳೆ ಹೊಡೆಯುತ್ತದೆ, ಕುಕ್ಕರ್ ಕೂಗಿದ ಹಾಗೆ ಕೂಗುತ್ತದೆ. ಮಾತು ಯಾವಾಗ ಬರುತ್ತದೆ?

ಡಾಕ್ಟರ್: ನಮಸ್ತೆ. ಹೆಚ್ಚಿನವು ಒಂದು ವರ್ಷ ಆದ ಮೇಲೆ ಸ್ಪಷ್ಟವಾಗಿ ಮಾತಾಡುತ್ತವೆ. ಕೆಲವು ಮಾತಾಡುವುದೇ ಇಲ್ಲ, ಅದೂ ಸರಿಯೇ. ಮನೆಯವರು ಅದರ ಎದುರು ಮಾತಾಡುತ್ತಾ ಕೆಲಸ ಮಾಡಿ, ಸಾಕು. ಕುಕ್ಕರ್ ಕಲಿತದ್ದು ಮಾತನ್ನೂ ಕಲಿಯಬಹುದು.

ಸುಂಟಿಕೊಪ್ಪ ಅಂಕಲ್: ಟೀಚರೇ, ನಾಲಿಗೆಗೆ ಬಜೆ ತೇಯ್ದು ಹಚ್ಚಿ. ಮಕ್ಕಳಿಗೆ ಹಚ್ಚುವುದಿಲ್ಲವಾ, ಅದೇ. ಸೂಜಿ ಮೆಣಸು ದಿನಾ ಎರಡು ಕೊಡಿ. ಒಂದೇ ತಿಂಗಳಲ್ಲಿ ಮಾತು.

ಡಾಕ್ಟರ್: ಬಜೆ ಬೇಡ. ಮೆಣಸು ತಿಂದರೆ ತಿನ್ನಲಿ, ಹಕ್ಕಿಗಳಿಗೆ ಖಾರ ಗೊತ್ತಾಗುವುದಿಲ್ಲ. ಅದಕ್ಕೂ ಮಾತಿಗೂ ಸಂಬಂಧ ಇಲ್ಲ.

ನಾಪೋಕ್ಲು ತೋಟದ ಮನೆ: ಮೇಡಂ, ನಮ್ಮ ಬೊಳ್ಳಿಗೆ 6 ವರ್ಷ. ಮೊನ್ನೆ ರಾತ್ರಿ ಕೊಂಬೆಯಿಂದ ಧಪ್ ಅಂತ ಬಿತ್ತು. ರೆಕ್ಕೆ ಬಡಿಯುತ್ತಾ ಒಂದು ನಿಮಿಷ ನಡುಗಿತು. ಆಮೇಲೆ ಏನೂ ಆಗದ ಹಾಗೆ ಎದ್ದು ಕೂತಿತು. ಇವತ್ತು ಮಧ್ಯಾಹ್ನ ಮತ್ತೆ ಅದೇ ಆಯಿತು. ಹೆದರಿಕೆಯಾಗಿದೆ.

ಡಾಕ್ಟರ್: ಬೇರೆ ಪ್ರಶ್ನೆಗಳು ಸ್ವಲ್ಪ ನಿಲ್ಲಲಿ. ಅಕ್ಕಾ, ಏನು ತಿನ್ನುತ್ತದೆ? ಗೂಡು ಎಲ್ಲಿದೆ? ಬಿಸಿಲು ಕಂಡು ಎಷ್ಟು ದಿನ ಆಯಿತು? ಮೊಟ್ಟೆ ಇಟ್ಟಿದೆಯಾ? ಮನೆಯಲ್ಲಿ ಕೋವಿ ಇದೆಯಾ?

ಸೋಮವಾರಪೇಟೆ ಕೃಷಿಕ: ಕೋವಿಗೂ ಗಿಳಿಗೂ ಏನು ಮೇಡಂ 😄

ನಾಪೋಕ್ಲು ತೋಟದ ಮನೆ: ಸೂರ್ಯಕಾಂತಿ ಬೀಜ, ಕಡಲೆಕಾಯಿ, ಬೆಳಗ್ಗೆ ನಮ್ಮ ಜೊತೆ ಅಕ್ಕಿ ರೊಟ್ಟಿ. ಬೇರೆ ಏನಿಟ್ಟರೂ ಎಸೆಯುತ್ತದೆ. ಮಳೆ ಹಿಡಿದ ಮೇಲೆ ಹೊರಗೆ ಇಟ್ಟೇ ಇಲ್ಲ. ಹಾಲ್‌ನ ದೊಡ್ಡ ಗಾಜಿನ ಕಿಟಕಿ ಪಕ್ಕದಲ್ಲಿದೆ, ಬೆಳಕು ಚೆನ್ನಾಗಿದೆ. ಮೊಟ್ಟೆ ಇಲ್ಲ, ಗಂಡೋ ಹೆಣ್ಣೋ ಗೊತ್ತಿಲ್ಲ. ಕೋವಿ ಇದೆ. ಕೋವಿ ಪೂಜೆಯ ಹಬ್ಬ ಕೈಲ್ ಪೊಳ್ದ್ ಹತ್ತಿರ ಬಂತಲ್ಲ, ಮಾವ ಕಳೆದ ವಾರ ಕೋವಿ, ತೋಟಾ ಎಲ್ಲ ಹಾಲ್‌ನಲ್ಲೇ ಹರಡಿಕೊಂಡು ಒರೆಸಿದರು. ಬೊಳ್ಳಿ ಮೇಜಿನ ಮೇಲೆ ಓಡಾಡುತ್ತಿತ್ತು.

ಡಾಕ್ಟರ್: ನನಗೆ ಮೊದಲ ಅನುಮಾನ ಕ್ಯಾಲ್ಸಿಯಂ ಮೇಲೆ, ಎರಡನೆಯದು ಸೀಸದ ಮೇಲೆ. ಒಂದೊಂದಾಗಿ ಹೇಳುತ್ತೇನೆ.

ಕರು ಹಾಕಿದ ಹಸು ಹಾಲುಜ್ವರ ಬಂದು ಕುಸಿಯುವುದನ್ನು ನೀವು ನೋಡಿರುತ್ತೀರಿ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದು ಆಗುವುದು ಅದು. ಗ್ರೇ ಗಿಳಿ ಕರು ಹಾಕುವುದಿಲ್ಲ, ಹಾಲೂ ಕೊಡುವುದಿಲ್ಲ, ಆದರೂ ಹಾಗೇ ಬೀಳುತ್ತದೆ. ಬೇರೆ ಹಕ್ಕಿಗಳಲ್ಲಿ ರಕ್ತದ ಕ್ಯಾಲ್ಸಿಯಂ ಇಳಿದರೆ ಮೈ ಅದನ್ನು ಮೂಳೆಯಿಂದ ಎಳೆದುಕೊಳ್ಳುತ್ತದೆ. ಗ್ರೇ ಈ ಕೆಲಸದಲ್ಲಿ ಹಿಂದೆ. ಎಕ್ಸ್‌ರೇ ತೆಗೆದರೆ ಮೂಳೆ ಚೆನ್ನಾಗಿಯೇ ಇರುತ್ತದೆ, ಹಕ್ಕಿಗೆ ಮಾತ್ರ ಫಿಟ್ಸ್. ಸೂರ್ಯಕಾಂತಿ ಬೀಜದಲ್ಲಿ ಕೊಬ್ಬು ತುಂಬಿದೆ, ಕ್ಯಾಲ್ಸಿಯಂ ಏನೇನೂ ಸಾಲದು, ರಂಜಕ ಅದರ ಎಂಟು ಪಟ್ಟು. ಆರು ವರ್ಷ ಅದನ್ನೇ ತಿಂದಿದೆ.

ಇನ್ನು ಬಿಸಿಲು. ತಿಂದ ಕ್ಯಾಲ್ಸಿಯಂ ಮೈಗೆ ಹಿಡಿಯಲು ವಿಟಮಿನ್ ಡಿ3 ಬೇಕು. ಅದು ತಯಾರಾಗಲು ಬಿಸಿಲಿನ ಯುವಿಬಿ ಕಿರಣ ಬೇಕು. ಗಾಜು ಆ ಕಿರಣವನ್ನೇ ತಡೆಯುತ್ತದೆ. ನಿಮ್ಮ ಕಿಟಕಿಯಿಂದ ನಿಮಗೆ ಬೆಳಕು ಬರುತ್ತದೆ, ಬೊಳ್ಳಿಗೆ ಏನೂ ಬರುವುದಿಲ್ಲ. ಮೈಸೂರಿನವರಿಗೆ ಮಳೆಗಾಲದಲ್ಲೂ ನಡುನಡುವೆ ಬಿಸಿಲು ಸಿಗುತ್ತದೆ. ನಿಮ್ಮಲ್ಲಿ ಜೂನ್‌ನಲ್ಲಿ ಮುಚ್ಚಿದ ಮೋಡ ಕಕ್ಕಡ ತಿಂಗಳು ಕಳೆದರೂ ಬಿಡುವುದಿಲ್ಲ. ಕೊಡಗಿನಿಂದ ಈ ಥರದ ಹಕ್ಕಿಗಳು ನನ್ನ ಹತ್ತಿರ ಬರುವುದು ಹೆಚ್ಚಾಗಿ ಆಗಸ್ಟ್, ಸೆಪ್ಟೆಂಬರ್‌ನಲ್ಲಿ.

ಕೋವಿ ಕೇಳಿದ್ದು ತಮಾಷೆಗಲ್ಲ. ತೋಟಾದೊಳಗಿನ ಸೀಸದ ಗುಂಡು ಒಂದನ್ನು ನುಂಗಿದರೂ ಸಾಕು, ಇದೇ ನಡುಕ, ಇದೇ ಫಿಟ್ಸ್ ಬರಬಹುದು. ಗಾಳಕ್ಕೆ ಕಟ್ಟುವ ಸೀಸವೂ ಅಷ್ಟೇ. ಅದಕ್ಕೇ ಎಕ್ಸ್‌ರೇ ಬೇಕು, ರಕ್ತವೂ ಬೇಕು. ಸುಮ್ನೆ ಊಹೆಯ ಮೇಲೆ ಔಷಧಿ ಬೇಡ.

ಇವತ್ತು ರಾತ್ರಿ ಹೀಗೆ ಮಾಡಿ. ಗೂಡಿನಿಂದ ತೆಗೆದು ರಟ್ಟಿನ ಪೆಟ್ಟಿಗೆಯಲ್ಲಿ ದಪ್ಪ ಟವೆಲ್ ಹಾಸಿ ಇಡಿ. ಗಾಳಿಗೆ ತೂತು ಇರಲಿ. ಒಳಗೆ ಕೊಂಬೆ ಇರಬಾರದು, ಬಿದ್ದರೆ ಪೆಟ್ಟಾಗುತ್ತದೆ. ಕತ್ತಲೆ, ಬೆಚ್ಚಗೆ, ಸದ್ದಿಲ್ಲದ ಕೋಣೆ. ಒಲೆಯ ಹೊಗೆ ಬರುವ ಕಡೆ ಬೇಡ. ಫಿಟ್ಸ್ ಬಂದಾಗ ಬಾಯಿಗೆ ನೀರನ್ನೂ ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಎಷ್ಟು ಹೊತ್ತು ನಡುಗಿತು ಬರೆದಿಡಿ, ಸಾಧ್ಯವಾದರೆ ವಿಡಿಯೋ ಮಾಡಿ. ಬೆಳಗ್ಗೆ ಬೇಗ ಹೊರಟು ಬನ್ನಿ. ರಾತ್ರಿ ಮತ್ತೆ ಬಂದು ನಿಲ್ಲದಿದ್ದರೆ ಹತ್ತಿರದ ಪಶುವೈದ್ಯರಿಗೆ ಫೋನ್ ಮಾಡಿ, ನನ್ನನ್ನೂ ಲೈನಿಗೆ ತೆಗೆದುಕೊಳ್ಳಿ. ಅವರ ಹತ್ತಿರ ಹಸುವಿನ ಕ್ಯಾಲ್ಸಿಯಂ ಇಂಜೆಕ್ಷನ್ ಇರುತ್ತದೆ. ಇದು 400 ಗ್ರಾಂ ಹಕ್ಕಿ, ಲೆಕ್ಕ ನಾನು ಹೇಳುತ್ತೇನೆ.

ಸುಂಟಿಕೊಪ್ಪ ಅಂಕಲ್: ಫಾರ್ವರ್ಡ್ ಆಗಿ ಬಂದದ್ದು: ಗಿಳಿಗೆ ಫಿಟ್ಸ್ ಬಂದರೆ ತಕ್ಷಣ ಈರುಳ್ಳಿ ಮೂಸಿಸಿ, ಕಾಲಿಗೆ ಕಬ್ಬಿಣದ ಬೀಗದಕೈ ಹಿಡಿಸಿ, ಎರಡು ಹನಿ ಬ್ರಾಂದಿ ಬಾಯಿಗೆ ಹಾಕಿ. 100% ಗುಣ 🙏🙏 ಎಲ್ಲ ಗುಂಪಿಗೂ ಕಳಿಸಿ.

ಡಾಕ್ಟರ್: ಅಂಕಲ್, ಈಗಷ್ಟೇ ಬಾಯಿಗೆ ನೀರೂ ಬೇಡ ಅಂತ ಬರೆದೆ. ಬ್ರಾಂದಿ ಹಕ್ಕಿಯನ್ನು ಕೊಲ್ಲುತ್ತದೆ. ಇದನ್ನು ಅಳಿಸಿ.

ಸುಂಟಿಕೊಪ್ಪ ಅಂಕಲ್: ನಾನು ಬರೆದದ್ದಲ್ಲ, ಬಂದದ್ದು ಹಾಕಿದೆ. ನಮ್ಮ ಕಾಲದಲ್ಲಿ ಕೋಳಿಗೆ ಇದನ್ನೇ ಮಾಡುತ್ತಿದ್ದರು.

ಗೋಣಿಕೊಪ್ಪ: ಸೂರ್ಯಕಾಂತಿ ಬೀಜ ದಿನಕ್ಕೆ ಎಷ್ಟು ಕೊಡಬಹುದು ಮೇಡಂ?

ಡಾಕ್ಟರ್: ಮೇಲೆ ಓದಿ.

ಪೊನ್ನಂಪೇಟೆ: ಹಾಗಾದರೆ ಏನು ಕೊಡಬೇಕು? ಬಿಸಿಲಿಗೆ ಏನು ಮಾಡಬೇಕು?

ಡಾಕ್ಟರ್: ಒಳ್ಳೆಯ ಪ್ರಶ್ನೆ. ಗಿಳಿಗೆಂದೇ ಮಾಡಿದ ಪೆಲೆಟ್ (ಕಾಳಿನ ಹಾಗಿರುವ ತಯಾರಿ ಆಹಾರ) ಅರ್ಧಕ್ಕಿಂತ ಜಾಸ್ತಿ ಇರಲಿ. ಜೊತೆಗೆ ನುಗ್ಗೆ ಸೊಪ್ಪು, ಕ್ಯಾರೆಟ್, ಸಿಹಿಗುಂಬಳ, ಮೊಳಕೆ ಕಾಳು. ಪಾಲಕ್ ನೆಚ್ಚಬೇಡಿ, ಅದರ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಬೀಜ ಬಹುಮಾನಕ್ಕೆ ನಾಲ್ಕೈದು. ಒಂದೇ ದಿನದಲ್ಲಿ ಬದಲಾಯಿಸಿದರೆ ಹಟ ಹಿಡಿದು ಉಪವಾಸ ಕೂರುತ್ತದೆ. ವಾರಗಟ್ಟಲೆ ಹಿಡಿಯಲಿ, ಅಡುಗೆಮನೆ ತಕ್ಕಡಿಯಲ್ಲಿ ದಿನಾ ತೂಕ ನೋಡಿ. ಬಿಸಿಲು ಬಿದ್ದ ದಿನ ಅರ್ಧ ಗಂಟೆ ಹೊರಗೆ ಇಡಿ, ಗೂಡಿನ ಅರ್ಧಕ್ಕೆ ನೆರಳಿರಲಿ, ಪಕ್ಕದಲ್ಲಿ ಮನುಷ್ಯರಿರಲಿ. ಮಳೆಗಾಲಕ್ಕೆ ಹಕ್ಕಿಗಳ ಯುವಿಬಿ ದೀಪ ಬರುತ್ತದೆ. ವರ್ಷಕ್ಕೊಮ್ಮೆ ಬದಲಿಸಿ, ಉರಿಯುತ್ತಿದ್ದರೂ ಕಿರಣ ಸತ್ತಿರುತ್ತದೆ.

ಸೋಮವಾರಪೇಟೆ ಕೃಷಿಕ: ನಮ್ಮಲ್ಲಿ ಕರೆಂಟ್ ಹೋಗಿ ನಾಲ್ಕು ದಿನ. ದೀಪ ಎಲ್ಲಿ ಉರಿಸುವುದು?

ಡಾಕ್ಟರ್: ಇನ್ವರ್ಟರಿಗೆ ಹಾಕಿ. ಟಿವಿಗೆ ಹಾಕುತ್ತೀರಲ್ಲ.

ವಿರಾಜಪೇಟೆ: ಬಟರ್ ಫ್ರೂಟ್ ಕೊಡಬಹುದಾ? ತೋಟದಲ್ಲಿ ಬಿದ್ದು ಕೊಳೆಯುತ್ತಿದೆ.

ಡಾಕ್ಟರ್: ಒಂದು ಚೂರೂ ಬೇಡ. ಹಕ್ಕಿಗಳ ಹೃದಯಕ್ಕೆ ಅದು ವಿಷ. ಕಾಫಿ, ಚಾಕೊಲೇಟ್ ಕೂಡ ಬೇಡ.

ಸಿದ್ದಾಪುರ: ನಮ್ಮದು ಮೂರು ವರ್ಷದಿಂದ ಬಟರ್ ಫ್ರೂಟ್ ತಿನ್ನುತ್ತಿದೆ. ಏನೂ ಆಗಿಲ್ಲ. ಪಂದಿ ಕರಿ (ಹಂದಿ ಮಾಂಸದ ಸಾರು) ಕೂಡ ತಿನ್ನುತ್ತದೆ 😎

ವಿರಾಜಪೇಟೆ: ಡಾಕ್ಟರ್ ವಿಷ ಅಂದ ಮೇಲೂ ಇದೆಂಥ ಜಂಭ?

ಸಿದ್ದಾಪುರ: ಜಂಭ ಅಲ್ಲ, ಅನುಭವ. ಓದಿದವರಿಗೆ ಮಾತ್ರ ಗೊತ್ತಿರುವುದಾ?

ಮಡಿಕೇರಿ ಟೀಚರ್: ಪಂದಿ ಕರಿಯಲ್ಲಿ ಉಪ್ಪು, ಕಾಚಂಪುಳಿಯ ಹುಳಿ ಎಷ್ಟಿರುತ್ತದೆ ಗೊತ್ತಾ ನಿಮಗೆ? ಅರ್ಧ ಕೆಜಿ ಇಲ್ಲದ ಜೀವ ಅದು.

ಸಿದ್ದಾಪುರ: ನಮ್ಮ ಹಕ್ಕಿ, ನಮ್ಮ ಇಷ್ಟ. ಟೀಚರಿಕೆ ಶಾಲೆಯಲ್ಲಿ ಮಾಡಿ.

ಅಡ್ಮಿನ್: ದಯವಿಟ್ಟು ವಿಷಯಕ್ಕೆ ಬನ್ನಿ.

ಕುಶಾಲನಗರ ಹಕ್ಕಿಮನೆ: ಗ್ರೇ ಮರಿ ಇದೆ, 5 ವಾರದ್ದು. ಕೈಯಲ್ಲಿ ಉಣಿಸಿ ಬೆಳೆಸಿದರೆ ಜಾಸ್ತಿ ಹಚ್ಚಿಕೊಳ್ಳುತ್ತದೆ. ಬೇಕಾದವರು ಇನ್‌ಬಾಕ್ಸ್‌ಗೆ ಬನ್ನಿ. ಪೇಪರ್ ಏನೂ ಬೇಡ, ಇದು ಹೊರದೇಶದ ಹಕ್ಕಿ.

ಡಾಕ್ಟರ್: ಎರಡೂ ತಪ್ಪು. ಸಾಕಿ ಗೊತ್ತಿಲ್ಲದವರ ಕೈಗೆ 5 ವಾರದ ಮರಿ ಕೊಡುವುದು ಕ್ರೌರ್ಯ. ಊಟ ಬಿಸಿಯಾದರೆ ಗಂಟಲ ಚೀಲ ಸುಟ್ಟು ತೂತಾಗುತ್ತದೆ, ತಣ್ಣಗಾದರೆ ಅಲ್ಲೇ ಹುಳಿಯುತ್ತದೆ. ತಾನೇ ತಿನ್ನಲು ಕಲಿಯಲು ಮೂರು ನಾಲ್ಕು ತಿಂಗಳು ಬೇಕು, ಅಲ್ಲಿಯವರೆಗೆ ನಿಮ್ಮಲ್ಲೇ ಇರಲಿ. ಇನ್ನು ಪೇಪರ್: ಗ್ರೇ ಗಿಳಿ 2017ರ ಜನವರಿಯಿಂದ ಸೈಟಿಸ್‌ನ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಮೊದಲ ಪಟ್ಟಿಯಲ್ಲಿದೆ. ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್‌ನಿಂದ ಜಾರಿಯಲ್ಲಿದೆ, 2024ರಲ್ಲಿ ನಿಯಮ ಬಂತು. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಬೇಕು.

ಕುಶಾಲನಗರ ಹಕ್ಕಿಮನೆ: ಮೇಡಂ, ಹೊಟ್ಟೆಪಾಡು. ಊರಲ್ಲಿ ಎಲ್ಲರೂ ಹೀಗೇ ಮಾರುವುದು.

ಪೊನ್ನಂಪೇಟೆ: ಕಳೆದ ವರ್ಷ ಒಬ್ಬರು ಹೀಗೇ ಹೇಳಿ ಕೊಟ್ಟ ಮರಿ ನಮ್ಮ ಮನೆಯಲ್ಲಿ ಹತ್ತೇ ದಿನಕ್ಕೆ ಸತ್ತಿತು. ಮಗಳು ಇನ್ನೂ ಅಳುತ್ತಾಳೆ.

ಸೋಮವಾರಪೇಟೆ ಕೃಷಿಕ: ಹೊರದೇಶದ್ದಕ್ಕೆ ಇಷ್ಟು ಕಾನೂನು, ಆದರೆ ನಮ್ಮ ತೋಟದ ನೀಲಿ ರೆಕ್ಕೆ ಗಿಳಿ ಮರಿ ಹಿಡಿದರೆ ಕೇಳುವವರಿಲ್ಲ.

ಡಾಕ್ಟರ್: ಅದೂ ಅಪರಾಧವೇ. ಹಿಡಿಯಲೇಬಾರದು.

ಸೋಮವಾರಪೇಟೆ ಕೃಷಿಕ: ನಾನು ಹಿಡಿದೆ ಅನ್ನಲಿಲ್ಲ.

ಸಿದ್ದಾಪುರ: ಅಂದ ಹಾಗೇ ಕೇಳಿಸಿತು 😂

ಭಾಗಮಂಡಲ: ಮೇಡಂ, ನನ್ನ ಪ್ರಶ್ನೆ ಮೇಲೆ ಕಳೆದುಹೋಯಿತು. 11 ವರ್ಷದ ಹಕ್ಕಿ. ಒಂದು ವಾರದಿಂದ ಸ್ವರ ಗೊಗ್ಗರಾಗಿದೆ, ಮೊದಲಿನಂತೆ ಮಾತಿಲ್ಲ. ಉಸಿರಾಡುವಾಗ ಬಾಲ ಮೇಲೆ ಕೆಳಗೆ ಆಡುತ್ತದೆ. ತಿನ್ನುತ್ತಿದೆ. ನೀಲಗಿರಿ ಎಣ್ಣೆ ಆವಿ ಕೊಡಿ ಅಂದರು.

ಡಾಕ್ಟರ್: ಆವಿ ಕೊಡಬೇಡಿ. ಎಣ್ಣೆ, ಕರ್ಪೂರ, ಸಾಂಬ್ರಾಣಿ ಯಾವುದೂ ಆ ಕೋಣೆಗೆ ಬರಬಾರದು. ಸ್ವರ ಬದಲಾಗಿ ಬಾಲ ಆಡಿದರೆ ಉಸಿರಿನ ದಾರಿಯಲ್ಲಿ ಬೂಷ್ಟು ಬೆಳೆದಿರಬಹುದು, ಆಸ್ಪರ್ಜಿಲಸ್ ಅಂತ. ಗ್ರೇಗೆ ಇದು ಬೇಗ ತಗಲುತ್ತದೆ. ಥಂಡಿ ಗೋಡೆ, ಒದ್ದೆ ಕಡಲೆಕಾಯಿ, ವಾರಕ್ಕೊಮ್ಮೆ ಬದಲಿಸುವ ಗೂಡಿನ ಪೇಪರ್, ಇವೇ ಮೂಲ. ಸಿಪ್ಪೆ ಸಮೇತ ಕಡಲೆಕಾಯಿ ಇವತ್ತೇ ನಿಲ್ಲಿಸಿ. ತಿನ್ನುತ್ತಿದೆ ಅಂತ ಸಮಾಧಾನ ಬೇಡ, ಹಕ್ಕಿಗಳು ಕಾಯಿಲೆ ಮುಚ್ಚಿಡುತ್ತವೆ. ನಾಳೆ ಬನ್ನಿ. ಮನೆಯಲ್ಲಿ ಯಾರಿಗಾದರೂ ಜ್ವರ, ಒಣಕೆಮ್ಮು ಇದೆಯಾ?

ಭಾಗಮಂಡಲ: ಅಮ್ಮನಿಗೆ ಕೆಮ್ಮು ಇದೆ. ಮಳೆಗೆ ಅಂದುಕೊಂಡಿದ್ದೆವು.

ಡಾಕ್ಟರ್: ಮಳೆಗೇ ಇರಬಹುದು. ಆದರೂ ಅಮ್ಮನ ಡಾಕ್ಟರಿಗೆ ಮನೆಯಲ್ಲಿ ಗಿಳಿ ಇದೆ, ಹುಷಾರಿಲ್ಲ ಅಂತ ಹೇಳಿ. ಗಿಳಿಯಿಂದ ಮನುಷ್ಯರಿಗೆ ಹರಡುವ ಜ್ವರ ಒಂದಿದೆ. ಹೇಳದಿದ್ದರೆ ಅವರು ಆ ದಿಕ್ಕಿನಲ್ಲಿ ಯೋಚಿಸುವುದಿಲ್ಲ. ಗೂಡು ತೊಳೆಯುವಾಗ ಒಣ ಪೊರಕೆ ಬೇಡ, ಒದ್ದೆ ಬಟ್ಟೆ, ಮಾಸ್ಕ್.

ಸುಂಟಿಕೊಪ್ಪ ಅಂಕಲ್: ತುಳಸಿ ಕಷಾಯ ಕೊಡಬಹುದಲ್ಲ, ಅದರಲ್ಲಿ ಕೆಮಿಕಲ್ ಇಲ್ಲ.

ಡಾಕ್ಟರ್: ನೀವು ಕುಡಿಯಿರಿ.

ಸುಂಟಿಕೊಪ್ಪ ಅಂಕಲ್: ಹಿರಿಯರಿಗೆ ಹೀಗಾ ಉತ್ತರ ಕೊಡುವುದು?

ಮಡಿಕೇರಿ ಟೀಚರ್: ಅಂಕಲ್, ಸಂಜೆಯಿಂದ ಮೂರನೇ ಸಲ.

ಶನಿವಾರಸಂತೆ: ಎದೆಯ ಪುಕ್ಕ ತಾನೇ ಕೀಳುತ್ತದೆ. ಬೇವಿನ ನೀರು ಸಿಂಪಡಿಸಲಾ?

ಡಾಕ್ಟರ್: ಬೇವು ಬೇಡ. ಒಂಟಿಯಾಗಿ ಎಷ್ಟು ಹೊತ್ತು ಇರುತ್ತದೆ, ರಾತ್ರಿ ಎಷ್ಟು ಗಂಟೆಗೆ ದೀಪ ಆರಿಸುತ್ತೀರಿ, ಬರೆಯಿರಿ. ಅದಕ್ಕೆ ಹನ್ನೊಂದು ಹನ್ನೆರಡು ಗಂಟೆ ನಿದ್ದೆ ಬೇಕು.

ಗೋಣಿಕೊಪ್ಪ: ಉಗುರು ಮನೆಯಲ್ಲೇ ಕತ್ತರಿಸಬಹುದಾ?

ಚೆಟ್ಟಳ್ಳಿ: ತೋಟಕ್ಕೆ ಬೋರ್ಡೋ ಮದ್ದು ಹೊಡೆಯುವ ದಿನ ಗೂಡು ಒಳಗಿಟ್ಟರೆ ಸಾಕಾ?

ಕುಶಾಲನಗರ ಹಕ್ಕಿಮನೆ: ನನ್ನ ಹೆಸರು ಕೆಡಿಸಿದ್ದಕ್ಕೆ ಪೊನ್ನಂಪೇಟೆಯವರು ಕ್ಷಮೆ ಕೇಳಬೇಕು.

ಪೊನ್ನಂಪೇಟೆ: ನಿಮ್ಮ ಹೆಸರು ನಾನು ಎಲ್ಲಿ ಹೇಳಿದೆ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ.

ಅಡ್ಮಿನ್: ಮಾರಾಟದ ಪೋಸ್ಟ್ ಅಳಿಸಿದ್ದೇನೆ. ಇಬ್ಬರೂ ಸುಮ್ಮನಿರಿ.

ಡಾಕ್ಟರ್: ಒಂದು ಮರೆತೆ, ಆಮೇಲೆ ಹೋಗುತ್ತೇನೆ. ಅಕ್ಕಿ ರೊಟ್ಟಿ ನಾನ್‌ಸ್ಟಿಕ್ ತವಾದಲ್ಲಿ ಸುಡುವವರು ಕಬ್ಬಿಣದ ಕಾವಲಿಗೆ ಬದಲಾಯಿಸಿ. ಖಾಲಿ ತವಾ ಒಲೆಯ ಮೇಲೆ ಮರೆತರೆ ಬರುವ ಆವಿ ನಿಮಗೆ ಗೊತ್ತಾಗುವುದಿಲ್ಲ, ಪಕ್ಕದ ಕೋಣೆಯ ಗಿಳಿ ನಿಮಿಷಗಳಲ್ಲಿ ಸಾಯುತ್ತದೆ. ನಾಪೋಕ್ಲು ಅಕ್ಕಾ, ಫೋನ್ ಪಕ್ಕದಲ್ಲೇ ಇಟ್ಟುಕೊಂಡಿರುತ್ತೇನೆ.

ಸಿದ್ದಾಪುರ: ತವಾನೂ ಬೇಡ, ಬಟರ್ ಫ್ರೂಟೂ ಬೇಡ. ಗಿಳಿಗಾಗಿ ನಾವು ಮನೆ ಬಿಡಬೇಕು ಅಷ್ಟೇ.

(ಮಾರನೇ ದಿನ)

ನಾಪೋಕ್ಲು ತೋಟದ ಮನೆ: ಮೇಡಂ ಹೇಳಿದ ಹಾಗೆ ಬಂದೆವು. ರಾತ್ರಿ ಒಂದು ಸಲ ಬಂದಿತ್ತು, 40 ಸೆಕೆಂಡ್. ರಕ್ತದಲ್ಲಿ ಕ್ಯಾಲ್ಸಿಯಂ 5.8 ಇದೆ, 8ರ ಮೇಲೆ ಇರಬೇಕಂತೆ. ಇಂಜೆಕ್ಷನ್ ಆಯಿತು. ಎಕ್ಸ್‌ರೇಯಲ್ಲಿ ಗುಂಡು ಕಾಣಲಿಲ್ಲ, ಸೀಸದ ರಿಪೋರ್ಟ್ ಇನ್ನೂ ಬರಬೇಕು. ಬೊಳ್ಳಿ ಈಗ ಪೆಟ್ಟಿಗೆಯೊಳಗಿಂದ ನಮ್ಮ ಮಾವನ ದನಿಯಲ್ಲಿ "ಯಾರದು" ಅಂತ ಕೇಳುತ್ತಿದೆ. ಮಾವ ಹೊರಗೆ ಕಾರಿನಲ್ಲಿ ಕೂತಿದ್ದಾರೆ, ಒಳಗೆ ಬರಲು ಒಪ್ಪುತ್ತಿಲ್ಲ.

ಮಡಿಕೇರಿ ಟೀಚರ್: ಅಬ್ಬಾ. ಭಾಗಮಂಡಲದವರು ಬಂದರಾ?

ಡಾಕ್ಟರ್: ಇನ್ನೂ ಇಲ್ಲ. ಯಾರಾದರೂ ಫೋನ್ ಮಾಡಿ.

ಗೋಣಿಕೊಪ್ಪ: ಸೂರ್ಯಕಾಂತಿ ಬೀಜ ನೆನೆಸಿ ಕೊಟ್ಟರೆ ಪರವಾಗಿಲ್ಲವಾ ಮೇಡಂ?