ಪದಚರ್ಚೆ: ಆಮದು ಸಾಮಾನಿಗೆ ‘ಜವಾಬ್ದಾರಿ’ಯೋ ‘ಹೊಣೆ’ಯೋ? ಫ್ಲೆಕ್ಸಿಗೆ ಇವತ್ತೇ ಬೇಕು

ತುಮಕೂರಿನಿಂದ:

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ 24ರ ರಾಷ್ಟ್ರೀಯ ಗ್ರಾಹಕ ದಿನಕ್ಕೆ ಮಂಡಿಪೇಟೆ ಕಡೆ ಒಂದು ಫ್ಲೆಕ್ಸ್ ಕಟ್ಟಿಸುತ್ತಿದ್ದೇವೆ. ಹೊರದೇಶದಿಂದ ಬಂದ ಚಾರ್ಜರು, ಆಟದ ಸಾಮಾನು, ಹೀಟರು ಸುಟ್ಟೋ ಸಿಡಿದೋ ಯಾರಿಗಾದರೂ ಪೆಟ್ಟಾದರೆ ಕೇಳಬೇಕಾದ್ದು ಯಾರನ್ನು ಎಂಬುದು ವಿಷಯ. ಗ್ರಾಹಕ ಸಂರಕ್ಷಣಾ ಕಾಯ್ದೆಯ ‘ಪ್ರಾಡಕ್ಟ್ ಲಯಬಿಲಿಟಿ’ಗೆ ನಮ್ಮ ಕರಡಿನಲ್ಲಿ ‘ಉತ್ಪನ್ನ ಬಾಧ್ಯತೆ’ ಎಂದಿದೆ. ಇಬ್ಬರು ಅಂಗಡಿಯವರಿಗೆ ಓದಿಸಿದೆ. ಇಬ್ಬರೂ ‘ಬಾಧೆ’ ಎಂದೇ ಓದಿಕೊಂಡರು. ‘ಆಮದುದಾರನ ಜವಾಬ್ದಾರಿ’ ಎಂದರೆ ಸಾಕೆ? ಸಂಜೆಯೊಳಗೆ ಪ್ರಿಂಟಿಗೆ ಕೊಡಬೇಕು.

ಚಿಕ್ಕಬಳ್ಳಾಪುರದಿಂದ:

ಆಮದು, ಜವಾಬು, ಎರಡಕ್ಕೂ ಅಂಟಿಸಿದ ದಾರ. ಎಲ್ಲವೂ ಅರಬ್ಬಿ-ಪಾರಸಿ. ಪಾರಸಿಯಲ್ಲಿ ಆಮದ್ ಎಂದರೆ ‘ಬಂತು’, ರಫ್ತ್ ಎಂದರೆ ‘ಹೋಯಿತು’. ಅವರ ಎರಡು ಕ್ರಿಯಾಪದಗಳನ್ನು ನಾವು ನಾಮಪದ ಮಾಡಿಕೊಂಡು ಕೂತಿದ್ದೇವೆ. ‘ತರು’ ಎಂಬ ಧಾತು ಇರುವ ನುಡಿಗೆ ಈ ದರಿದ್ರ ಯಾಕೆ? ‘ಒಳತರುಗನ ಹೊಣೆ’ ಎಂದು ಹಾಕಿ. ಮುಗಿಯಿತು.

ತಿಪಟೂರಿನಿಂದ:

‘ಒಳತರುಗ’ ಯಾರ ಬಾಯಲ್ಲೂ ಇಲ್ಲ. ‘ಆಯಾತಕ’ ಎನ್ನಿ, ಗಂಭೀರವಾಗಿದೆ, ಆಡಳಿತಕ್ಕೂ ಹೊಂದುತ್ತದೆ.

ಚಿಕ್ಕಬಳ್ಳಾಪುರದಿಂದ:

‘ಆಯಾತ’ ಹಿಂದಿ ಸುತ್ತೋಲೆಗಳಿಂದ ಇಳಿದದ್ದು. ಅದನ್ನು ಚರ್ಚಿಸುವುದೂ ದಂಡ.

ಕೋಲಾರದಿಂದ:

‘ಆಯಾತಕ’ ಬೇಡ, ಅದಕ್ಕೆ ನನ್ನದೂ ಒಪ್ಪಿಗೆ. ‘ಒಳತರುಗ’ ವ್ಯಾಕರಣಕ್ಕೆ ಸರಿ, ರಸ್ತೆಬದಿಯ ಫ್ಲೆಕ್ಸಿಗೆ ಅಲ್ಲ. ‘ಹೊಣೆ’ ಮಾತ್ರ ಖಂಡಿತ ಇರಲಿ. ಅದು ಅಚ್ಚಗನ್ನಡ ಎಂಬ ಕಾರಣಕ್ಕಲ್ಲ. ಈ ವಿಷಯಕ್ಕೆ ಅಷ್ಟು ಬಿಗಿಯಾಗಿ ಕೂರುವ ಪದ ಇನ್ನೊಂದಿಲ್ಲ.

ಹಳಗನ್ನಡದಲ್ಲಿ ಪೊಣೆ, ತಮಿಳಿನಲ್ಲಿ ಪುಣೈ. ಎರಡಕ್ಕೂ ಜಾಮೀನು ಎಂಬ ಅರ್ಥವಿದೆ. ‘ಅವನ ಸಾಲಕ್ಕೆ ನಾನು ಹೊಣೆ ನಿಂತೆ’ ಎಂದು ನಮ್ಮ ಕಡೆ ಇವತ್ತಿಗೂ ಅನ್ನುತ್ತಾರೆ. ಸಾಲ ತಗೊಂಡವನು ಊರು ಬಿಟ್ಟರೆ ಕಟ್ಟುವವನು ಹೊಣೆ ನಿಂತವನು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 86ನೇ ಕಲಂ ಬಿಡಿಸಿ ನೋಡಿ. ತಯಾರಿಸಿದವನು ಯಾರೆಂದೇ ಗೊತ್ತಿಲ್ಲ. ಗೊತ್ತಿದ್ದರೂ ನೋಟಿಸು ಮುಟ್ಟಿಸಲಾಗದು. ಅಥವಾ ಅವನು ಭಾರತದ ಕಾನೂನಿನ ಕೈಗೆ ಸಿಗುವವನಲ್ಲ. ಹಾಗಿದ್ದಾಗ ಮಾರಿದವನೇ ಪರಿಹಾರ ತೆರಬೇಕು. ಹೊರದೇಶದ ಅಗ್ಗದ ಮಾಲಿನ ವಿಷಯದಲ್ಲಿ ಸಾಮಾನ್ಯವಾಗಿ ಆಗುವುದೇ ಇದು. ಊರು ಬಿಟ್ಟ ಸಾಲಗಾರನ ಜಾಗದಲ್ಲಿ ತಯಾರಕ ಇದ್ದಾನೆ, ಅಷ್ಟೇ.

ಇನ್ನು ‘ಜವಾಬ್ದಾರಿ’. ನನ್ನ ಮೇಜಿನ ಮೇಲೆ ಒಂದು ಚಾರ್ಜರ್ ಇದೆ, ಬಸ್ ಸ್ಟ್ಯಾಂಡ್ ಹತ್ತಿರ ತಂಗಿಯ ಮಗ ಕೊಂಡದ್ದು. ಪಿನ್ನಿನ ಬುಡದಲ್ಲಿ ಪ್ಲಾಸ್ಟಿಕ್ ಕಂದಾಗಿ ಕರಗಿ, ಒಂದು ಪಿನ್ನು ಓರೆಯಾಗಿ ನಿಂತಿದೆ. ಡಬ್ಬಿಯ ಮೇಲೆ ಚೀನೀ ಅಕ್ಷರ, ಒಂದು ಬಾರ್‌ಕೋಡ್. ಆಮದು ಪೊಟ್ಟಣದ ಮೇಲೆ ತರಿಸಿದವರ ಹೆಸರು, ವಿಳಾಸ, ಮೂಲ ದೇಶ ಇರಲೇಬೇಕೆಂದು 2011ರ ಪೊಟ್ಟಣ ಸರಕುಗಳ ನಿಯಮ ಹೇಳುತ್ತದೆ. ಇದರಲ್ಲಿ ಯಾವುದೂ ಇಲ್ಲ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿಯ ‘ಆರ್’ ಸಂಖ್ಯೆಯೂ ಇಲ್ಲ. ಅಂಗಡಿಗೆ ಹೋಗಿ ತೋರಿಸಿದೆ. ‘ನಾವು ಮಾಡಿದ್ದಾ ಸಾರ್? ಬೆಂಗಳೂರಿಂದ ಬಂತು, ಮಾರಿದ್ವಿ’ ಅಂದರು. ಅದೂ ಒಂದು ಜವಾಬೇ ತಾನೆ? ಜವಾಬು ಕೊಟ್ಟು ಕೈತೊಳೆದುಕೊಳ್ಳಬಹುದು. ಹೊಣೆ ನಿಂತವನಿಗೆ ಆ ದಾರಿ ಇಲ್ಲ.

ತುಮಕೂರಿನವರು ಗಮನಿಸಬೇಕಾದ್ದು ಇನ್ನೊಂದಿದೆ. ‘ಆಮದುದಾರನ ಹೊಣೆ’ ಎಂದಷ್ಟೇ ಹಾಕಿದರೆ ಅಂಗಡಿಯವರು ‘ನಮಗಲ್ಲ’ ಎಂದು ಜಾರಿಕೊಳ್ಳುತ್ತಾರೆ. ಕಾಯ್ದೆಯ ವ್ಯಾಖ್ಯೆಯಲ್ಲಿ ಉತ್ಪನ್ನ ಮಾರಾಟಗಾರ ಎಂದರೆ ಆಮದು ಮಾಡುವವನು, ಹಂಚುವವನು, ಪೊಟ್ಟಣ ಕಟ್ಟುವವನು, ಲೇಬಲ್ ಹಚ್ಚುವವನು, ಕೌಂಟರಿನಲ್ಲಿ ಕೂತು ಮಾರುವವನು ಎಲ್ಲರೂ ಸೇರುತ್ತಾರೆ. ‘ದಾರ’ ಬೇಕೋ ‘ಗಾರ’ ಬೇಕೋ ಎಂದು ಜಗಳವಾಡುವ ಬದಲು ‘ಆಮದು ಮಾಡಿದವರು, ಮಾರಿದವರು’ ಎಂದು ಬಿಡಿಸಿ ಬರೆಯಿರಿ.

ಚಿಕ್ಕಬಳ್ಳಾಪುರದಿಂದ:

ಹೊಣೆಗೆ ಒಪ್ಪಿದಿರಿ, ಒಳ್ಳೆಯದು. ಆದರೆ ‘ಆಮದು’ ಹಾಗೇ ಉಳಿಯಿತಲ್ಲ? ‘ಜನ ಬಳಸುತ್ತಾರೆ’ ಎಂದು ಒಂದೊಂದೇ ಬಿಟ್ಟುಕೊಟ್ಟು ಕಚೇರಿಯ ಕನ್ನಡದಲ್ಲಿ ಈಗ ವಿಭಕ್ತಿ ಪ್ರತ್ಯಯ ಮಾತ್ರ ನಮ್ಮದು. ‘ಹೊರನಾಡಿಂದ ತಂದವರು’ ಎನ್ನಲು ಏನಡ್ಡಿ?

ಕೋಲಾರದಿಂದ:

‘ಹೊರನಾಡು’ ಎಂದರೆ ನಮ್ಮಲ್ಲಿ ಅರ್ಧ ಜನಕ್ಕೆ ಅನ್ನಪೂರ್ಣೇಶ್ವರಿ ನೆನಪಾಗುತ್ತಾಳೆ. ಅರ್ಜಿ, ವಕೀಲ, ನಕಲು, ಕಾಯ್ದೆ ಇವನ್ನೆಲ್ಲ ತೆಗೆದುಹಾಕಿದರೆ ಕೈ ಸುಟ್ಟುಕೊಂಡ ಮನುಷ್ಯ ಎಲ್ಲಿಗೆ ಹೋಗಬೇಕು, ಏನಂತ ಕೇಳಬೇಕು? ‘ರಸೀದಿ’ಯೂ ಪಾರಸಿಯ ‘ತಲುಪಿತು’. ಅದಿಲ್ಲದೆ ಕೇಸು ನಿಲ್ಲಿಸುವುದು ಎಷ್ಟು ಕಷ್ಟ ಎಂಬುದು ಗ್ರಾಹಕ ಆಯೋಗಕ್ಕೆ ಅಲೆದವರಿಗೆ ಗೊತ್ತು. ಇನ್ನೂರು ಮುನ್ನೂರು ವರ್ಷದಿಂದ ಬಾಯಲ್ಲಿ ಪಳಗಿದ ಪದ ಎರವಲು ಎಂದು ನಾನು ಒಪ್ಪುವುದಿಲ್ಲ.

ಚಿಕ್ಕಬಳ್ಳಾಪುರದಿಂದ:

ನೀವು ಒಪ್ಪದಿದ್ದರೆ ಪದದ ಹುಟ್ಟು ಬದಲಾಗದು. ಈ ಚರ್ಚೆ ಬೇರೆ ಎಳೆಯಲ್ಲಿ ಮುಂದುವರಿಸುತ್ತೇನೆ.

ತುಮಕೂರಿನಿಂದ:

ಇಬ್ಬರಿಗೂ ವಂದನೆ. ಹೀಗೆ ಬರೆದಿದ್ದೇನೆ: ‘ಹೊರದೇಶದ ಸಾಮಾನಿನಿಂದ ಪೆಟ್ಟಾಯಿತೇ? ತಯಾರಿಸಿದವರು ಕೈಗೆ ಸಿಗದಿದ್ದರೆ ಆಮದು ಮಾಡಿದವರು, ಮಾರಿದವರು ಹೊಣೆ. ರಸೀದಿ, ಡಬ್ಬಿ ಎಸೆಯಬೇಡಿ. ಸಹಾಯವಾಣಿ 1915. ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಿ.’ ಕಳಿಸಲೇ?

ಕೋಲಾರದಿಂದ:

‘ಪೆಟ್ಟು’ ತೆಗೆದು ‘ಹಾನಿ’ ಮಾಡಿ. ಮೈಗೆ ಆದ ಗಾಯವಲ್ಲದೆ ಹಾಸಿಗೆ, ಮನೆ ಸುಟ್ಟರೂ ಆ ಕಲಮಿನೊಳಗೆ ಬರುತ್ತದೆ. ಚಾರ್ಜರೊಂದೇ ಕೆಟ್ಟರೆ ಬರುವುದಿಲ್ಲ, ಅದನ್ನು ದೋಷಪೂರಿತ ಸರಕು ಎಂದು ಬೇರೆ ದೂರಿನಲ್ಲಿ ಕೇಳಬೇಕು. ಇಷ್ಟು ತಿದ್ದಿ ಕಳಿಸಿ.